ಎರಡು ಹೆಸರಿನ ನದಿ, ಒಂದು ತಂಬಿಗೆ ನೀರು

ಮೈಮೇಲೆ ದೇವರು ಬಂದದ್ದು, ಸತ್ತವರು ಕನಸಿನಲ್ಲಿ ಬಂದು ಬೀಗದಕೈ ಇಟ್ಟ ಜಾಗ ಹೇಳಿದ್ದು, ಇಂಥ ಮಾತು ಶುರುವಾದರೆ ಕೂತಲ್ಲಿಂದ ಮೊದಲು ಏಳುವವನು ನಾನು. ಜಗಳವಾಡುವುದಿಲ್ಲ. ಇನ್ನೊಂದಿಷ್ಟು ಚಹಾ ಮಾಡಿಕೊಂಡು ಬರುತ್ತೇನೆ ಎಂದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಸಿಡ್ನಿಯ ನಮ್ಮ ಕನ್ನಡದ ಮನೆಗಳಲ್ಲಿ ಊಟವಾದ ಮೇಲೆ ಇಂಥ ಮಾತು ಬರುವುದು ಹೆಚ್ಚು. ಹಾಗಾಗಿ ನಮ್ಮ ಬಳಗದಲ್ಲಿ ನಾನು ಚಹಾ ಚೆನ್ನಾಗಿ ಮಾಡುತ್ತೇನೆ ಎಂದು ಹೆಸರಾಗಿದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ಓದುತ್ತ ಓದುತ್ತ ನೀವೂ ಎದ್ದು ಅಡುಗೆಮನೆಗೆ ಹೋದರೆ ನನಗೆ ಬೇಸರವಿಲ್ಲ.

ನನ್ನದು ನಕ್ಷೆಯ ಕೆಲಸ. ಕಂಪ್ಯೂಟರಿನ ಮುಂದೆ ಕೂತು ಊರಿನ ಚರಂಡಿ, ಕಾಲುವೆ, ಹಳ್ಳಗಳ ಗೆರೆ ಎಳೆಯುವುದು. ಪ್ರತಿ ಗೆರೆಗೂ ನೀರು ಹರಿಯುವ ದಿಕ್ಕನ್ನು ಬಾಣ ಹಾಕಿ ತೋರಿಸಬೇಕು, ಎತ್ತರದಿಂದ ತಗ್ಗಿಗೆ. ಎಲ್ಲಾದರೂ ಕೈತಪ್ಪಿ ತಗ್ಗಿನಿಂದ ಎತ್ತರಕ್ಕೆ ಬಾಣ ತಿರುಗಿತೋ, ಆ ಗೆರೆ ಕೆಂಪಾಗಿ ನಿಂತುಬಿಡುತ್ತದೆ. ಸರಿಪಡಿಸುವವರೆಗೆ ಮುಂದೆ ಹೋಗಗೊಡುವುದಿಲ್ಲ. ವರ್ಷವಿಡೀ ಹರಿಯುವ ನೀರಿಗೆ ಇಡೀ ಗೆರೆ, ಮಳೆ ಬಂದಾಗ ಮಾತ್ರ ಹರಿಯುವುದಕ್ಕೆ ತುಂಡು ತುಂಡು ಗೆರೆ.

ನಾನು ಹುಟ್ಟಿದ್ದೇ ಇಂಥ ಒಂದು ತುಂಡು ಗೆರೆಯ ದಂಡೆಯಲ್ಲಿ. ನವಲಗುಂದದ ಕಡೆ ಬೆಣ್ಣಿಹಳ್ಳ ಎಂದಿದೆ. ವರ್ಷದ ಹೆಚ್ಚು ದಿನ ಅದರಲ್ಲಿ ಎಮ್ಮೆಯ ಮೈ ತೊಳೆಯುವಷ್ಟೂ ನೀರಿರುವುದಿಲ್ಲ. ಎಲ್ಲೋ ಮೇಲೆ ಮಳೆಯಾದರೆ, ನಮ್ಮೂರಲ್ಲಿ ಬಿಸಿಲು ಕಾಯುತ್ತಿರುವಾಗಲೇ ಬಂದುಬಿಡುತ್ತದೆ. ಮೊದಲು ಒದ್ದೆ ಮಣ್ಣಿನ ವಾಸನೆ, ಆಮೇಲೆ ದೂರದಲ್ಲಿ ಚಕ್ಕಡಿ ಗಾಡಿ ಬರುತ್ತಿರುವ ಹಾಗೆ ಸದ್ದು, ಆಮೇಲೆ ನೀರು. ನಮ್ಮಪ್ಪ ಸ್ನಾನಕ್ಕೆ ಕೂತಾಗ ಮೊದಲ ತಂಬಿಗೆ ನೀರಿನ ಮೇಲೆ ಅಂಗೈ ಮುಚ್ಚಿ, ಗಂಗೆಯಿಂದ ಕಾವೇರಿಯವರೆಗೆ ನದಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಇದು ಬಹಳ ಮನೆಗಳಲ್ಲಿ ನಡೆದುಬಂದದ್ದೇ. ಕರೆದರೆ ಅವು ಆ ನೀರಿಗೆ ಬರುತ್ತವೆ ಎಂದು ನಂಬಿಕೆ. ಅಪ್ಪ ಮಾತ್ರ ಕೊನೆಗೆ ಬೆಣ್ಣಿಹಳ್ಳವನ್ನೂ ಸೇರಿಸುತ್ತಿದ್ದರು. ಶಾಲೆಯಲ್ಲಿ ಭೂಗೋಳ ಕಲಿತು ಬಂದ ನಾನು, ಅದು ನದಿಯೇ ಅಲ್ಲ ಎಂದು ವಾದಕ್ಕೆ ನಿಂತರೆ, "ಕರದ್ರ ಬರತದ, ಕರೀದಿದ್ರ ಸಿಟ್ಟಿಲೆ ಬರತದ," ಎನ್ನುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಹೊಳೆಯನ್ನು ಯಾರ ಸಲುವಾಗಿ ಕರೆಯುತ್ತೇವೋ ಅವರ ಬಾಯಲ್ಲಿರುವ ಹೆಸರಿನಿಂದಲೇ ಕರೆಯಬೇಕಂತೆ. ಅಜ್ಜಿಯ ಕೊನೆಗಾಲದಲ್ಲಿ ಕಾಶಿಯಿಂದ ತಂದಿಟ್ಟಿದ್ದ ಗಂಗೆಯ ಗಿಂಡಿ ಒಡೆದು ನೋಡಿದರೆ ಒಳಗೆ ಒಣಗಿಹೋಗಿತ್ತು. ಅಪ್ಪ ನಳದ ನೀರನ್ನೇ ಹಿಡಿದು, ಅಜ್ಜಿ ಕರೆಯುತ್ತಿದ್ದಂತೆ "ಗಂಗವ್ವ" ಎಂದು ಕರೆದು ಕುಡಿಸಿದರು. ಅಜ್ಜಿ "ತಣ್ಣಗದಾಳ" ಎಂದು ಕಣ್ಣು ಮುಚ್ಚಿದಳು. ಕಾಲೇಜು ಹುಡುಗನಾಗಿದ್ದ ನನಗೆ ಅಳುವಿನ ನಡುವೆಯೂ ಒಳಗೊಳಗೇ ನಗು ಬಂದಿತ್ತು.

ಈಗ ಸಿಡ್ನಿಯಲ್ಲಿ ನಮ್ಮ ಮನೆಯಿರುವ ಟೂಂಗಾಬಿಗೆ ಬರುತ್ತೇನೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬರಗಾಲ. ಪೈಪು ಹಿಡಿದು ಗಿಡಕ್ಕೆ ನೀರು ಬಿಡಬಾರದು, ಕಾರನ್ನು ಬಕೆಟ್ಟಿನಲ್ಲೇ ತೊಳೆಯಬೇಕು ಎಂದೆಲ್ಲ ಕಟ್ಟುಪಾಡು ಇದ್ದ ಕಾಲ. ನಮ್ಮ ಹಿತ್ತಲ ಬೇಲಿಯಾಚೆ ಒಂದು ಕ್ರೀಕ್, ಎಂದರೆ ಸಣ್ಣ ಹಳ್ಳ, ಇತ್ತು. ಅದರ ಪಾತ್ರದಲ್ಲಿ ಯಾರೋ ತಳ್ಳಿದ್ದ ಶಾಪಿಂಗ್ ಟ್ರಾಲಿ ಬಿದ್ದುಕೊಂಡು ತುಕ್ಕು ಹಿಡಿಯುತ್ತಿತ್ತು. ಟೂಂಗಾಬಿ ಎಂದರೆ ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ನೀರಿನ ಹತ್ತಿರದ ಜಾಗವಂತೆ. ಆ ವರ್ಷಗಳಲ್ಲಿ ಹಾಗೆ ಹೇಳಿದರೆ ನಮ್ಮ ಮಗ ನಗುತ್ತಿದ್ದ.

ಪಕ್ಕದ ಮನೆಯಲ್ಲಿ ಹಸನ್ ಅಂಕಲ್ ಮತ್ತು ಎಲೆನಿ ಆಂಟಿ ಇದ್ದರು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದವರು. ಅಂಕಲ್ ತುರ್ಕಿ ಮಾತಾಡುವ ಮುಸ್ಲಿಮರು, ಆಂಟಿ ಗ್ರೀಕ್ ಮಾತಾಡುವ ಕ್ರೈಸ್ತರು. ಪ್ರಾಯದಲ್ಲಿ ಮದುವೆಯಾದಾಗ ಎರಡು ಕಡೆಯವರೂ ಹೊಸಿಲು ತುಳಿಯಗೊಡಲಿಲ್ಲ, ಹಡಗು ಹತ್ತಿ ಇಲ್ಲಿಗೆ ಬಂದುಬಿಟ್ಟರು. ನಮ್ಮ ಮನೆಯಿಂದ ಮಿರ್ಚಿ ಭಜಿ ಬೇಲಿ ದಾಟಿ ಹೋಗುತ್ತಿತ್ತು, ಅವರ ಹಿತ್ತಲಿನ ಅಂಜೂರ ಈಚೆ ಬರುತ್ತಿತ್ತು. ಅಂಜೂರದ ಗಿಡ ಆಂಟಿ ನೆಟ್ಟದ್ದು. ಇಬ್ಬರೂ ನಮ್ಮ ಹಾಗೇ ಒಂದು ಒಣ ನದಿಯ ದಂಡೆಯವರು ಎಂದು ಗೊತ್ತಾದ ಮೇಲೆ ನನಗೆ ಅವರ ಮೇಲೆ ವಿಶೇಷ ಪ್ರೀತಿ ಹುಟ್ಟಿತು.

ಆ ನದಿ ಅವರ ದ್ವೀಪದಲ್ಲೆಲ್ಲ ಉದ್ದದ್ದು. ಟ್ರೂಡೋಸ್ ಎಂಬ ಬೆಟ್ಟಸಾಲಿನಲ್ಲಿ ಒಂದು ಹಳೆಯ ಮಠದ ಹತ್ತಿರ ಹುಟ್ಟಿ, ಈಶಾನ್ಯಕ್ಕೆ ಇಳಿದು, ರಾಜಧಾನಿ ನಿಕೋಸಿಯಾವನ್ನು ಹಾದು, ಪೂರ್ವಕ್ಕೆ ಹೊರಳಿ, ದೊಡ್ಡ ಬಯಲು ದಾಟಿ ಕಡಲಿಗೆ ಹೋಗುತ್ತದೆ. ಹೋಗುತ್ತದೆ ಎನ್ನುವುದು ಮಾತಿಗೆ. ಮಳೆಗಾಲ ಬಿಟ್ಟರೆ ಬರೀ ಕಲ್ಲು, ಮಣ್ಣು. ಒಂದು ಕಾಲಕ್ಕೆ ಊರಿನ ನಡುವೆಯೇ ಹರಿಯುತ್ತಿತ್ತಂತೆ, ವೆನಿಸ್ಸಿನವರು ಆಳುವಾಗ ಕೋಟೆ ಕಟ್ಟುವ ಸಲುವಾಗಿ ಅದನ್ನು ಗೋಡೆಯ ಹೊರಕ್ಕೆ ತಿರುಗಿಸಿದರಂತೆ. ಆಳುವವರು ಬದಲಾದ ಹಾಗೆ, ದಂಡೆಗೆ ಹೊಸ ಜನ ಬಂದ ಹಾಗೆ ಹೆಸರೂ ಒಂದಕ್ಕೆ ಎರಡಾಯಿತು. ಗ್ರೀಕರಿಗೆ ಅದು ಪೆದಿಯೋಸ್, ಎಂದರೆ ಬಯಲಿನದು. ತುರ್ಕರಿಗೆ ಕನ್ಲಿ ದೆರೆ, ಎಂದರೆ ನೆತ್ತರ ಹಳ್ಳ. ನೆತ್ತರು ಯಾಕೆ ಬಂತು ಎಂದು ಕೇಳಿದರೆ ಯಾವುದೋ ಯುದ್ಧದ ಕಥೆ ಹೇಳುವವರಿದ್ದಾರೆ. ಹಸನ್ ಅಂಕಲ್ ಅದನ್ನು ಒಪ್ಪುತ್ತಿರಲಿಲ್ಲ. ಪ್ರವಾಹ ಬಂದಾಗ ಬೆಟ್ಟದ ಕೆಂಪು ಮಣ್ಣು ಕೊಚ್ಚಿಕೊಂಡು ಬರುತ್ತದೆ, ಅಷ್ಟೇ ಎನ್ನುತ್ತಿದ್ದರು. ಆಂಟಿಯ ಊರು ಮೇಲೆ, ಬೆಟ್ಟದ ಬುಡದಲ್ಲಿ. ಅಂಕಲ್‌ದು ಕೆಳಗೆ ಬಯಲಿನಲ್ಲಿ. ಇವರು ಹೊರಟುಬಂದ ಮೇಲೆ ದ್ವೀಪವನ್ನು ಗೆರೆ ಎಳೆದು ಎರಡು ಮಾಡಿದರು. ಆಂಟಿಯ ಊರು ಗೆರೆಯ ಆಚೆ ಉಳಿಯಿತು, ಅಂಕಲ್‌ದು ಈಚೆ. ನದಿ ಮಾತ್ರ ಎರಡೂ ಕಡೆ ಹರಿಯಿತು.

"ಇವಳ ಮನೆ ಮುಂದೆ ಹಾದ ನೀರೇ ನಮ್ಮನೆಗೆ ಬರುತ್ತಿತ್ತು. ಆವಾಗಿನಿಂದ ಇವಳು ನನಗೆ ಬರೀ ಕೆಸರು ಕಳಿಸ್ತಾಳೆ," ಎಂದು ಅಂಕಲ್ ಚುಡಾಯಿಸುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರಿನ ವಿಷಯದಲ್ಲಿ ಮಾತ್ರ ಇಬ್ಬರೂ ಸೋಲುವವರಲ್ಲ. ಆಂಟಿಯ ಬಾಯಲ್ಲಿ ಒಮ್ಮೆಯೂ ಕನ್ಲಿ ದೆರೆ ಬರಲಿಲ್ಲ, ಅಂಕಲ್ ಬಾಯಲ್ಲಿ ಪೆದಿಯೋಸ್ ಬರಲಿಲ್ಲ. ನಾನು ಒಂದು ಸಲ ಆಫೀಸಿನಲ್ಲಿ ಆ ನದಿಯ ನಕ್ಷೆ ಪ್ರಿಂಟ್ ಮಾಡಿ, ಎರಡೂ ಹೆಸರು ಒಂದರ ಕೆಳಗೆ ಒಂದು ಬರುವ ಹಾಗೆ ಹಾಕಿಕೊಟ್ಟೆ. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ಆಂಟಿ ಅಡುಗೆಮನೆಯಲ್ಲಿದ್ದಾಗ ತುರ್ಕಿ ಹೆಸರು ಹಿಂದೆ ಹೋಗುವಂತೆ ಕಾಗದ ಮಡಚಿರುತ್ತಿತ್ತು. ಅಂಕಲ್ ಕಾಫಿಗೆ ಎದ್ದರೆ ಗ್ರೀಕ್ ಹೆಸರು ಹಿಂದೆ ಹೋಗಿರುತ್ತಿತ್ತು. ನಾನೂ ನನ್ನ ಹೆಂಡತಿ ಸುಮಾನೂ ಅವರ ಮನೆಗೆ ಹೋದಾಗಲೆಲ್ಲ ಮೊದಲು ಫ್ರಿಜ್ಜನ್ನೇ ನೋಡುತ್ತಿದ್ದೆವು.

ಆಮೇಲೆ ಆಂಟಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಸಾವಿನ ಮಾತು ಮನೆಯೊಳಗೆ ಬಂದದ್ದೇ, ಅಷ್ಟು ವರ್ಷ ನಗೆಚಾಟಿಕೆಯಾಗಿದ್ದದ್ದು ನಿಜವಾದ ಜಗಳವಾಯಿತು. ಇಲ್ಲಿ ಸ್ಮಶಾನದಲ್ಲೂ ಸಬರ್ಬ್‌ಗಳಿವೆ. ಗ್ರೀಕ್ ಚರ್ಚಿನವರದು ಒಂದು ಭಾಗ, ಮುಸ್ಲಿಮರದು ಒಂದು ಭಾಗ. ಯಾವ ಚರ್ಚಿನದೂ ಮಸೀದಿಯದೂ ಆಗಿರದ ಒಂದು ಭಾಗದಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ತಗೊಳ್ಳೋಣ ಎಂದು ಅಂಕಲ್ ಹೇಳಿದರು. ಆಂಟಿ ಒಪ್ಪಲಿಲ್ಲ. ಪಾದ್ರಿ ಬಂದು ಪ್ರಾರ್ಥನೆ ಹೇಳಬೇಕು, ನಾನು ನನ್ನ ಜನರ ನಡುವೆ ಮಲಗಬೇಕು ಎಂದರು. ಅಂಕಲ್ ಇದನ್ನು ಬೇಲಿಯ ಹತ್ತಿರ ನಿಂತು ನನಗೆ ಹೇಳಿ, "ಹಾಗಾದರೆ ಇಷ್ಟು ವರ್ಷ ನಾನು ಯಾರ ಜನ?" ಎಂದು ಕೇಳಿದರು.

ಅವರಿಗೆ ಒಬ್ಬಳೇ ಮಗಳು, ಸೋಫಿ, ಮೆಲ್ಬರ್ನಿನಲ್ಲಿ. ಆಸ್ಪತ್ರೆಯ ಓಡಾಟಕ್ಕೆ ಅನುಕೂಲವಾಗಲೆಂದು ಅವಳು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅಂಕಲ್ ಜೊತೆಗೆ ಹೋಗಲಿಲ್ಲ. ಎಲೆನಿಯೇ ಕರೆದರೆ ಬರುತ್ತೇನೆ ಎಂದರು. ಆಂಟಿ, ಅವರಿಗೇ ಬರಬೇಕು ಅನ್ನಿಸಿದರೆ ಬರಲಿ ಎಂದರು. ತಿಂಗಳುಗಳು ಹೋದವು. ಫ್ರಿಜ್ಜಿನ ಮೇಲಿನ ನಕ್ಷೆ ಆಂಟಿ ಹೋಗುವ ದಿನ ಹೇಗೆ ಮಡಚಿತ್ತೋ ಹಾಗೇ ಇತ್ತು, ಪೆದಿಯೋಸ್ ಮುಂದೆ, ಕನ್ಲಿ ದೆರೆ ಹಿಂದೆ. ಅಂಕಲ್ ಅದನ್ನು ಮುಟ್ಟಿರಲಿಲ್ಲ.

ಒಂದು ಸಂಜೆ ಸುಮಾ ಹಿತ್ತಲಿನಿಂದ ಕೂಗಿದಳು. ಅಂಕಲ್ ಬೇಲಿ ಹಿಡಿದುಕೊಂಡು ನಿಂತಿದ್ದರು. ಸೋಫಿಯ ಫೋನು ಬಂದಿತ್ತಂತೆ. ತಾಯಿ ಇನ್ನು ಹೆಚ್ಚು ಹೊತ್ತು ಇರುವುದಿಲ್ಲ ಎಂದು ನರ್ಸ್ ಹೇಳಿದ್ದಾಳೆ. ಬೆಳಗಿನಿಂದ ಬೇರೆ ಮಾತಿಲ್ಲ, ಊರಿನ ನದಿಯ ನೀರು ಬೇಕು ಎಂದು ಅದೊಂದೇ ಕೇಳುತ್ತಿದ್ದಾರೆ. ಲೋಟದಲ್ಲಿ ನೀರು ಹಿಡಿದರೆ ಮುಖ ತಿರುಗಿಸುತ್ತಾರೆ. ಆ ಸಂಜೆಯ ವಿಮಾನಗಳಲ್ಲಿ ಸೀಟು ಸಿಗಲಿಲ್ಲ, ಮಾರನೆಯ ಬೆಳಿಗ್ಗೆಗೆ ಅಂಕಲ್‌ಗೂ ನನಗೂ ನಾನೇ ಟಿಕೆಟ್ ಬುಕ್ ಮಾಡಿದೆ. ಮುದುಕರನ್ನು ನಮ್ಮ ಹಿತ್ತಲಲ್ಲಿ ಕೂರಿಸಿದೆವು. ಚಹಾ ಕೊಟ್ಟರೆ ಕುಡಿಯದೆ ಪಕ್ಕಕ್ಕಿಟ್ಟರು. "ಅವಳು ಕೇಳಿದ್ದು ಒಂದೇ. ಅದೂ ಈಗ ಅಲ್ಲಿ ಒಣಗಿಬಿದ್ದಿರುತ್ತದೆ. ನಾನು ಎಲ್ಲಿಂದ ತರಲಿ?" ಎಂದು ಅತ್ತರು.

ಸುಮಾ ನನ್ನನ್ನು ಒಳಗೆ ಕರೆದಳು. "ಮಾವನವ್ರು ಅಜ್ಜಿಗೆ ಮಾಡಿದ್ರಲ್ರೀ. ನೀವ್ಯಾಕ ಹೇಳಿಕೊಡಬಾರದು?" ಎಂದಳು. ಅದರಿಂದೇನಾಗತದ ಎಂದು ನಾನು ಕೇಳಿದೆ. "ಏನೂ ಆಗಂಗಿಲ್ಲ. ಅವ್ರಿಗೊಂದು ಕೆಲಸಾ ಆಗತದ," ಎಂದಳು. ನಿಜ ಹೇಳುತ್ತೇನೆ, ಆ ಮಾತಿಗಾಗಿಯೇ ನಾನು ಒಪ್ಪಿದ್ದು. ಬೆಳಗಾಗುವವರೆಗೆ ಆ ಮನುಷ್ಯನ ಕೈಗೆ ಏನಾದರೂ ಬೇಕಾಗಿತ್ತು.

ಬಚ್ಚಲಿನಲ್ಲಿದ್ದ ತಾಮ್ರದ ತಂಬಿಗೆಯಲ್ಲಿ ನಲ್ಲಿಯ ನೀರು ಹಿಡಿದು ತಂದೆ. ಹಗಲು ಮುಗಿಯುತ್ತ ಬಂದಿತ್ತು, ಆದರೂ ಮುಖ ಕಾಣುವಷ್ಟು ಬೆಳಕಿತ್ತು. ನಮ್ಮ ಕಡೆ ಹೀಗೆ ಮಾಡುತ್ತಾರೆ ಎಂದು ಅಂಕಲ್‌ಗೆ ಹೇಳಿದೆ. ಅವರು ಹುಬ್ಬು ಹಾರಿಸಲಿಲ್ಲ, ನಗಲೂ ಇಲ್ಲ. ಬಲಗೈಯನ್ನು ತಂಬಿಗೆಯ ಬಾಯಿಗೆ ಮುಚ್ಚಿ, "ಕನ್ಲಿ ದೆರೆ" ಎಂದರು. ಅಪ್ಪನ ಮಾತು ನೆನಪಾಯಿತು. ಕುಡಿಯುವವರು ಕರೆಯುವ ಹೆಸರಿನಿಂದ ಕರೆಯಬೇಕು ಅಂಕಲ್ ಎಂದೆ.

"ಈ ಬಾಯಲ್ಲಿ ಅದನ್ನು ಯಾವತ್ತೂ ಹೇಳಿಲ್ಲ," ಎಂದರು. ಆಮೇಲೆ ಕಣ್ಣು ಮುಚ್ಚಿ, "ಪೆದಿಯೋಸ್," ಎಂದರು. ಮೊದಲ ಸಲ ನಾಲಿಗೆ ತೊಡರಿತು. ಮತ್ತೆ ಹೇಳಿದರು. ಮತ್ತೆ ಮತ್ತೆ, ಹೆಂಡತಿಯನ್ನು ಕೋಣೆಯಿಂದ ಹೊರಗೆ ಕರೆಯುವ ಹಾಗೆ. ಸುಮಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಡಿಯಬೇಕಾದವರು ಇಲ್ಲಿಲ್ಲವಲ್ಲ, ನೀರನ್ನು ಏನು ಮಾಡುವುದು ಎಂದು ನನಗೂ ತಿಳಿಯಲಿಲ್ಲ. ಅಂಕಲ್ ತಾವೇ ತಮ್ಮ ಹಿತ್ತಲಿಗೆ ನಡೆದು, ಆಂಟಿ ನೆಟ್ಟ ಅಂಜೂರದ ಬುಡಕ್ಕೆ ಸುರಿದರು.

ಆಗ ನನಗೆ ವಾಸನೆ ಬಂತು. ಬಿಸಿಲಿಗೆ ಕಾದ ಮಣ್ಣಿಗೆ ಒಂದು ತಂಬಿಗೆ ನೀರು ಬಿದ್ದರೆ ವಾಸನೆ ಬರುವುದು ಸಹಜ. ಆದರೆ ಈ ವಾಸನೆ ಗಿಡದ ಬುಡದಿಂದ ಬರಲಿಲ್ಲ. ಬೇಲಿಯಾಚೆಯಿಂದ, ಕ್ರೀಕಿನ ಕಡೆಯಿಂದ ಬಂತು. ಅದರ ಹಿಂದೆಯೇ ಸದ್ದು. ದೂರದಲ್ಲಿ ಚಕ್ಕಡಿಗಳ ಸಾಲು ಬರುತ್ತಿರುವ ಹಾಗೆ. ಹಳ್ಳದ ದಂಡೆಯಲ್ಲಿ ಬೆಳೆದವನಿಗೆ ಆ ಸದ್ದನ್ನು ಹೇಳಿಕೊಡಬೇಕಾಗಿಲ್ಲ. ನನ್ನ ಕಾಲುಗಳು ತಾವೇ ಎರಡು ಹೆಜ್ಜೆ ಹಿಂದಕ್ಕೆ ಬಂದವು. ಸುಮಾ ನನ್ನ ತೋಳು ಹಿಡಿದುಕೊಂಡು, "ಎಲ್ಲಿ ಮಳಿ ಆಗೇದರೀ?" ಎಂದಳು. ನಾನು ಬೇಲಿಗೆ ಹೋಗಿ ಬಗ್ಗಿ ನೋಡಿದೆ. ಕ್ರೀಕು ಒಣಗಿತ್ತು. ಟ್ರಾಲಿ ಬಿದ್ದಲ್ಲೇ ಬಿದ್ದಿತ್ತು. ಸದ್ದು ಅದರ ಮೇಲೆ ಹಾದು, ದಕ್ಷಿಣಕ್ಕೆ, ಮೆಲ್ಬರ್ನಿನ ಕಡೆಗೆ ಹೋಯಿತು ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದಷ್ಟೇ ಬರೆಯುತ್ತೇನೆ. ಅಂಕಲ್ ಖಾಲಿ ತಂಬಿಗೆ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮನೆಯೊಳಗೆ ಫೋನು ಬಡಿಯತೊಡಗಿತು. ಎಲೆನಿ ಆಂಟಿ ಹೋಗಿಬಿಟ್ಟಿದ್ದರು.

ಮಾರನೆಯ ದಿನ ಅಂಕಲ್ ಜೊತೆ ನಾನೂ ಮೆಲ್ಬರ್ನಿಗೆ ಹೋದೆ. ಅವರು ಹೆಂಡತಿಯ ಪಕ್ಕದಲ್ಲಿ ಕೂತಿದ್ದಾಗ ಸೋಫಿ ನನ್ನನ್ನು ಅಡುಗೆಮನೆಗೆ ಕರೆದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವ, ಅಳೆದು ಮಾತಾಡುವ ಹೆಂಗಸು. ನಿನ್ನೆ ಸಂಜೆ ಕತ್ತಲಾಗುವ ಹೊತ್ತಿಗೆ ಅಮ್ಮ ತಾನಾಗಿ ತಲೆ ಎತ್ತಿ, ಇಡೀ ದಿನ ಬೇಡವೆಂದ ಲೋಟವನ್ನು ಕೇಳಿ ತೆಗೆದುಕೊಂಡು ಕುಡಿದಳು ಎಂದಳು. ಕುಡಿದು ಒಂದು ಮಾತು ಹೇಳಿದಳಂತೆ. "ಅದು ಗ್ರೀಕ್ ಅಲ್ಲ. ಅಪ್ಪನ ಭಾಷೆ. 'ಕನ್ಲಿ ದೆರೆ ಬಂತು' ಅಂದಳು. ನಮ್ಮಮ್ಮ ಆ ಹೆಸರನ್ನು ತಮಾಷೆಗೂ ಹೇಳಿದವಳಲ್ಲ," ಎಂದು ಸೋಫಿ ನನ್ನ ಮುಖ ನೋಡಿದಳು. ನಿಮ್ಮಪ್ಪ ಅದೇ ಹೊತ್ತಿಗೆ ಇನ್ನೊಂದು ಹೆಸರು ಹೇಳುತ್ತಿದ್ದರು ಎಂದು ನಾನು ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

ಆಮೇಲೆ ಕಿಟಕಿಯಲ್ಲಿ ತೊಳೆಯದೆ ಇಟ್ಟಿದ್ದ ಲೋಟ ತೋರಿಸಿದಳು. ತಳದಲ್ಲಿ ಕೆಂಪು ಮಣ್ಣು, ಅರಿಶಿನದ ಪುಡಿಯಷ್ಟು ನಯವಾದದ್ದು, ತೆಳ್ಳಗೆ ಕೂತಿತ್ತು.

ನನಗೆ ವಾದ ಮಾಡುವ ಚಟ ಹೋಗಿಲ್ಲ. ಬರಗಾಲದಲ್ಲಿ ಒಳನಾಡಿನ ಕೆಂಧೂಳು ಗಾಳಿಗೆ ಎದ್ದು ಮೆಲ್ಬರ್ನಿನವರೆಗೂ ಬರುವುದುಂಟು, ಕಿಟಕಿ ತೆರೆದಿದ್ದರೆ ಲೋಟಕ್ಕೆ ಬಿದ್ದಿರಬಹುದು ಎಂದೆ. ನಿನ್ನೆ ಗಾಳಿಯಿರಲಿಲ್ಲ ಎಂದಳು ಸೋಫಿ. ಹಳೆಯ ಪೈಪಿನ ತುಕ್ಕು ಇರಬಹುದು. ಸಾಯುವ ಹೊತ್ತಿಗೆ ಗಂಡನ ಮೇಲಿನ ಪ್ರೀತಿ ಆ ಹೆಸರಾಗಿ ಬಾಯಿಗೆ ಬಂದಿರಬಹುದು. ಸಿಡ್ನಿಯಲ್ಲಿ ನಾನು ಕೇಳಿದ್ದು ರೈಲಿನ ಸದ್ದಿರಬಹುದು, ನಮ್ಮ ಮನೆಗೆ ಸ್ಟೇಷನ್ ಬಹಳ ದೂರವೇನಿಲ್ಲ. ಒಂದೊಂದಕ್ಕೂ ಒಂದೊಂದು ಕಾರಣ ಕೊಡಬಲ್ಲೆ. ಎಲ್ಲವೂ ಒಂದೇ ಸಂಜೆ, ಒಂದೇ ಹೊತ್ತಿಗೆ ಕೂಡಿಬಂದದ್ದಕ್ಕೆ ಕಾರಣ ಇವತ್ತಿಗೂ ಸಿಕ್ಕಿಲ್ಲ.

ಅಂಕಲ್‌ಗೆ ಸೋಫಿಯೇ ಎಲ್ಲ ಹೇಳಿದಳು. ಅವರು ಲೋಟ ತರಿಸಿಕೊಂಡು, ಬೆರಳಿನಿಂದ ಆ ಮಣ್ಣು ಮುಟ್ಟಿ ನೋಡಿದರು. ಸ್ಮಶಾನದ ಜಾಗದ ಮಾತನ್ನು ಮತ್ತೆ ಎತ್ತಲಿಲ್ಲ. ಪಾದ್ರಿ ಪ್ರಾರ್ಥನೆ ಹೇಳಿದರು, ಆಂಟಿಯನ್ನು ಮೆಲ್ಬರ್ನಿನಲ್ಲಿ ಅವರ ಜನರ ನಡುವೆಯೇ ಮಣ್ಣು ಮಾಡಿದರು. ಕೆಲವು ವರ್ಷಗಳ ನಂತರ ಅಂಕಲ್ ತೀರಿಕೊಂಡಾಗ ಸಿಡ್ನಿಯಲ್ಲಿ, ಮುಸ್ಲಿಮರ ಭಾಗದಲ್ಲಿ ಹೂಳಿದೆವು. ನಾನೂ ಮಣ್ಣು ಹಾಕಿದೆ. ಅಷ್ಟು ದೂರ ಹಡಗಿನಲ್ಲಿ ಜೊತೆಯಾಗಿ ಬಂದವರು ಕೊನೆಗೆ ಎರಡು ಊರಿನಲ್ಲಿ ಮಲಗಿದ್ದಾರೆ. ಆ ಎರಡು ಊರುಗಳ ನಡುವೆ ಒಂದರಿಂದ ಒಂದಕ್ಕೆ ಹರಿಯುವ ನದಿ ಯಾವುದೂ ಇಲ್ಲ. ನಕ್ಷೆಯಲ್ಲಿ ಹುಡುಕಿದ್ದೇನೆ.

ಅಂಕಲ್ ಮನೆ ಖಾಲಿ ಮಾಡುವಾಗ ಸೋಫಿ ಫ್ರಿಜ್ಜಿನ ಮೇಲಿನ ಕಾಗದವನ್ನು ನನಗೆ ಕೊಟ್ಟಳು. ಮಡಿಕೆ ಬಿಡಿಸಿ ನೋಡಿದೆ. ಬಯಲಿನ ತಮ್ಮ ಹಳ್ಳಿಯಿಂದ ಬೆಟ್ಟದ ಬುಡದ ಆಂಟಿಯ ಹಳ್ಳಿಯವರೆಗೆ, ನದಿಯ ಗೆರೆಯ ಪಕ್ಕದಲ್ಲೇ, ಅಂಕಲ್ ಬಾಲ್ ಪೆನ್ನಿನಿಂದ ಒಂದು ಬಾಣ ಎಳೆದಿದ್ದರು. ಅಂಕುಡೊಂಕಾಗಿತ್ತು. ತಗ್ಗಿನಿಂದ ಎತ್ತರಕ್ಕೆ. ಅದು ಈಗ ನಮ್ಮ ಫ್ರಿಜ್ಜಿನ ಮೇಲಿದೆ, ಮಡಚದೆ ಅಂಟಿಸಿದ್ದೇವೆ. ನನ್ನ ಕೆಲಸದ ಲೆಕ್ಕದಲ್ಲಿ ಆ ಬಾಣ ತಪ್ಪು. ದಿನಾ ಹಾಲು ತೆಗೆಯುವಾಗ ನೋಡುತ್ತೇನೆ. ತಪ್ಪು ಎಂದು ಹೇಳಲು ಬಾಯಿ ಬರುವುದಿಲ್ಲ.